ಏಕಾದಶಿ, ನೋಂಪಿ, ಉಪೋಸಥ: ಉಪವಾಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಉಪವಾಸದ ಪ್ರಶ್ನೆಗಳೇ ಹೆಚ್ಚು. ಏನು ತಿನ್ನಬಹುದು ಎಂದು ಕೇಳಿದವರು ಕೆಲವರು. ಯಾವಾಗ ಶುರು, ಯಾವಾಗ ಮುಗಿಸುವುದು ಎಂದು ಕೇಳಿದವರು ಬಹಳ. ಹಾಗೆ ಕೇಳಿದ್ದೇ ಸರಿ. ವ್ರತ ಕೆಡುವುದು ಹೆಚ್ಚಾಗಿ ತಟ್ಟೆಯಲ್ಲಲ್ಲ, ಗಡಿಯಾರದಲ್ಲಿ.

ನಾವು ಸ್ಮಾರ್ತರು, ಸೊಸೆ ಮಾಧ್ವರ ಮನೆಯವಳು. ಕೆಲವು ತಿಂಗಳು ಇಬ್ಬರ ಏಕಾದಶಿಯೂ ಒಂದೇ ದಿನ ಬರುತ್ತದೆ. ಕೆಲವು ತಿಂಗಳು ನನ್ನದು ಇಂದು, ಅವಳದು ನಾಳೆ. ಚಂದ್ರ ಒಬ್ಬನೇ ಇರುವಾಗ ಏಕಾದಶಿ ಎರಡು ಹೇಗಾದೀತು? (ಧಾರವಾಡ)

ಏಕಾದಶಿ ಒಂದೇ. ಅದನ್ನು ಯಾವ ಹಗಲಿಗೆ ಸೇರಿಸಬೇಕು ಎಂಬಲ್ಲಿ ಮಾತ್ರ ನಿಮ್ಮಿಬ್ಬರ ಸಂಪ್ರದಾಯ ಬೇರೆಯಾಗುತ್ತದೆ.

ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ದಿನದಿನಕ್ಕೂ ಬದಲಾಗುವುದರಿಂದ ತಿಥಿಯ ಉದ್ದ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಅದು ಹಗಲಲ್ಲೋ ರಾತ್ರಿಯಲ್ಲೋ ಯಾವ ಹೊತ್ತಿಗಾದರೂ ಬದಲಾಗಬಹುದು. ದಶಮಿಯ ಸೋಂಕು ಇರುವ ಏಕಾದಶಿ ಉಪವಾಸಕ್ಕೆ ಸಲ್ಲದು ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಈ ಸೋಂಕಿಗೆ ವೇಧೆ ಎನ್ನುತ್ತಾರೆ. ವೇಧೆಯನ್ನು ಎಲ್ಲಿಂದ ಎಣಿಸಬೇಕು ಎಂಬುದೇ ಭೇದ. ಸ್ಮಾರ್ತರು ಸೂರ್ಯೋದಯವನ್ನು ನೋಡುತ್ತಾರೆ. ಮಾಧ್ವರು ಅರುಣೋದಯವನ್ನು, ಅಂದರೆ ಸೂರ್ಯೋದಯಕ್ಕಿಂತ ನಾಲ್ಕು ಘಳಿಗೆ ಮೊದಲಿನ ಹೊತ್ತನ್ನು ನೋಡುತ್ತಾರೆ. ಘಳಿಗೆಗೆ 24 ನಿಮಿಷದಂತೆ ಅದು 96 ನಿಮಿಷ.

ಒಂದು ಲೆಕ್ಕ ಹಾಕಿ ನೋಡಿ. ಸೂರ್ಯೋದಯ 6:20ಕ್ಕೆ ಇದ್ದರೆ ಅರುಣೋದಯ 4:44ಕ್ಕೆ. ದಶಮಿ 5:10ಕ್ಕೆ ಮುಗಿಯಿತು ಎಂದುಕೊಳ್ಳಿ. ಸೂರ್ಯ ಹುಟ್ಟುವಾಗ ಏಕಾದಶಿಯೇ ಇದೆ, ಹಾಗಾಗಿ ನಿಮಗೆ ಅಂದೇ ಉಪವಾಸ. ಆದರೆ ಅರುಣೋದಯದಲ್ಲಿ 26 ನಿಮಿಷ ದಶಮಿ ಉಳಿದಿತ್ತು. ಸೊಸೆಗೆ ಅದು ವಿದ್ಧ, ಅಂದರೆ ವೇಧೆ ತಗಲಿದ ಏಕಾದಶಿ, ಅವರ ಉಪವಾಸ ಮರುದಿನಕ್ಕೆ ಹೋಗುತ್ತದೆ. ದಶಮಿ 4:44ಕ್ಕಿಂತ ಮೊದಲೇ ಮುಗಿದಿದ್ದರೆ ಇಬ್ಬರಿಗೂ ಒಂದೇ ದಿನ. ಪಂಚಾಂಗದಲ್ಲಿ ‘ಸ್ಮಾರ್ತ ಏಕಾದಶಿ’, ‘ಭಾಗವತ ಏಕಾದಶಿ’ ಎಂದು ಬೇರೆ ಬೇರೆ ಅಚ್ಚಾಗುವುದು ಇದಕ್ಕೇ.

ಇನ್ನೊಂದು ಕಾರಣವೂ ಉಂಟು. ಸೂರ್ಯಸಿದ್ಧಾಂತವೆಂಬ ಹಳೆಯ ಗ್ರಂಥದ ಗಣಿತದಿಂದ ಮಾಡಿದ ಪಂಚಾಂಗಕ್ಕೂ ದೃಗ್ಗಣಿತದ, ಅಂದರೆ ಆಕಾಶದಲ್ಲಿ ಕಾಣುವ ಸ್ಥಿತಿಗೆ ಹೊಂದಿಸಿ ಗುಣಿಸಿದ, ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ಅಂತರ ಬರುತ್ತದೆ. ಈ ತಿಂಗಳು ಗೋಡೆಯ ಕ್ಯಾಲೆಂಡರ್, ಮುಂದಿನ ತಿಂಗಳು ಮಠದ ಪಂಚಾಂಗ, ಅದರ ಮುಂದಿನದಕ್ಕೆ ಮೊಬೈಲು ಎಂದು ಬದಲಾಯಿಸುತ್ತ ಹೋದರೆ ಯಾವ ಲೆಕ್ಕವೂ ಕೂಡುವುದಿಲ್ಲ. ಯುಗಾದಿಗೆ ತಂದ ಒಂದು ಪಂಚಾಂಗವನ್ನೇ ವರ್ಷವಿಡೀ ಹಿಡಿಯಿರಿ. ದಿನ ಬೇರೆಯಾದ ತಿಂಗಳಲ್ಲಿ ನಿಮ್ಮ ಪಾರಣೆಯ (ಉಪವಾಸ ಮುಗಿಸಿ ಉಣ್ಣುವ) ಬೆಳಿಗ್ಗೆ ಸೊಸೆಗೆ ಉಪವಾಸವಿರುತ್ತದೆ. ಅಂದಿನ ಅಡಿಗೆಯ ಭಾರ ಅವರ ಮೇಲೆ ಬೀಳದಂತೆ ನೋಡಿಕೊಂಡರೆ ದೊಡ್ಡ ಉಪಕಾರ.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ನಾನು ಬೆಂಗಳೂರಿನಿಂದ ‘ನಾಳೆ ಏಕಾದಶಿ’ ಎಂದು ತಿಳಿಸುತ್ತೇನೆ, ಅವಳು ಅದೇ ತಾರೀಕಿಗೆ ಮಾಡುತ್ತಾಳೆ. ಇದು ಸರಿಯೇ? (ಬೆಂಗಳೂರು)

ಬಹಳ ಸಲ ಸರಿಹೋಗುತ್ತದೆ, ಕೆಲವು ಸಲ ಒಂದು ದಿನ ತಪ್ಪುತ್ತದೆ. ತಿಥಿ ಬದಲಾಗುವ ಕ್ಷಣ ಜಗತ್ತಿಗೆಲ್ಲ ಒಂದೇ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ.

ದಶಮಿ ಭಾರತದ ಮಂಗಳವಾರ ಬೆಳಿಗ್ಗೆ 7:00ಕ್ಕೆ, ಏಕಾದಶಿ ಬುಧವಾರ 8:10ಕ್ಕೆ, ದ್ವಾದಶಿ ಗುರುವಾರ 9:00ಕ್ಕೆ ಮುಗಿಯುತ್ತದೆ ಎನ್ನೋಣ. ಬೆಂಗಳೂರಿನಲ್ಲಿ ಮಂಗಳವಾರ ಸೂರ್ಯ ಹುಟ್ಟುವಾಗ ಇನ್ನೂ ದಶಮಿ, ಆದ್ದರಿಂದ ನಿಮಗೆ ಬುಧವಾರ ಉಪವಾಸ, ಗುರುವಾರ 9ರೊಳಗೆ ಪಾರಣೆ. ಬೇಸಿಗೆಯ ಸಮಯದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಸಂಜೆ 6:30ಕ್ಕೇ ದಶಮಿ ಮುಗಿದಿರುತ್ತದೆ. ಮಂಗಳವಾರ ಅಲ್ಲಿನ ಸೂರ್ಯೋದಯಕ್ಕೆ ಶುದ್ಧ ಏಕಾದಶಿ. ಮಗಳಿಗೆ ಮಂಗಳವಾರ ಉಪವಾಸ, ಬುಧವಾರ ಬೆಳಿಗ್ಗೆ ಪಾರಣೆ. ನಿಮ್ಮ ಮಾತು ಕೇಳಿ ಬುಧವಾರ ಉಪವಾಸ ಮಾಡಿದರೆ ಪಾರಣೆಯ ದಿನವೇ ಹಸಿದಿದ್ದಂತಾಯಿತು. ಆಕೆಯ ಊರಿನ ಹೆಸರು ಹಾಕಿ ಗುಣಿಸಿದ ಪಂಚಾಂಗ ಈಗ ಸುಲಭವಾಗಿ ಸಿಗುತ್ತದೆ, ಅದನ್ನೇ ನೋಡಲಿ. ಚಳಿಗಾಲದಲ್ಲಿ ಅಂತರ ಹದಿಮೂರೂವರೆ ಗಂಟೆಯಾಗುತ್ತದೆ ಎಂಬುದೂ ನೆನಪಿರಲಿ.

ಪಾರಣೆಗೆ ಒಮ್ಮೊಮ್ಮೆ ಅರ್ಧ ಗಂಟೆಯೂ ಇರುವುದಿಲ್ಲ. ಅಡಿಗೆಯೇ ಆಗಿರುವುದಿಲ್ಲ. ಏನು ಮಾಡಬೇಕು? (ಮೈಸೂರು)

ಪಾರಣೆಗೆ ಎರಡು ಗಡಿಗಳಿವೆ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಅದು ಕಳೆಯುವ ಮೊದಲು ಉಣ್ಣಬಾರದು. ದ್ವಾದಶಿ ಮುಗಿಯುವುದರೊಳಗೆ ಉಣ್ಣಬೇಕು. ಏಕಾದಶಿ ನಸುಕಿನ 4ಕ್ಕೆ ಮುಗಿದು ದ್ವಾದಶಿ 24 ಗಂಟೆ ಇದ್ದರೆ ಹರಿವಾಸರ 10 ಗಂಟೆಯವರೆಗೆ ಇರುತ್ತದೆ. ಅಂದು ಎಂಟಕ್ಕೇ ತಿಂಡಿ ತಿಂದರೆ ತಪ್ಪು. ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಎಲ್ಲರ ಗಮನ ತಡವಾಗುವುದರ ಮೇಲಿರುತ್ತದೆ.

ನೀವು ಹೇಳುವುದು ಇನ್ನೊಂದು ತುದಿ. ಸೂರ್ಯೋದಯ 6:15, ದ್ವಾದಶಿ 6:45ರವರೆಗೆ. ಇಂಥದ್ದಕ್ಕೆ ಸಾಧನದ್ವಾದಶಿ ಎನ್ನುತ್ತಾರೆ. ಸ್ನಾನ, ಪೂಜೆ, ನೈವೇದ್ಯವನ್ನೆಲ್ಲ ನಸುಕಿಗೇ ಎಳೆದುಕೊಂಡು ಮುಗಿಸಬೇಕು. ಅದಾಗದಿದ್ದರೆ ತೀರ್ಥ ಸಾಕು. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂಬ ಮಾತಿದೆ. ಭಾಗವತದ ಒಂಬತ್ತನೇ ಸ್ಕಂಧದ ಅಂಬರೀಷನ ಕಥೆ ನಿಂತಿರುವುದೇ ಇದರ ಮೇಲೆ. ಊಟಕ್ಕೆ ಕರೆದಿದ್ದ ದೂರ್ವಾಸರು ನದಿಗೆ ಹೋದವರು ಬರಲಿಲ್ಲ, ದ್ವಾದಶಿ ಮುಗಿಯಲು ಅರ್ಧ ಮುಹೂರ್ತವಷ್ಟೇ ಉಳಿದಿತ್ತು. ಅತಿಥಿಯನ್ನು ಬಿಟ್ಟು ಉಣ್ಣಲೂ ಆಗದೆ, ಪಾರಣೆ ತಪ್ಪಿಸಲೂ ಆಗದೆ ಅರಸ ನೀರನ್ನಷ್ಟೇ ಕುಡಿದ. ಅದೇ ದಾರಿ ನಿಮಗೂ ಇದೆ. ನೀರು ಕುಡಿದು ಪಾರಣೆ ಮುಗಿಸಿ, ಅಡಿಗೆ ನಿಧಾನವಾಗಿ ಆಗಲಿ.

ಕಟ್ಟುನಿಟ್ಟಾಗಿ ಮಾಡುವವರು ದಶಮಿಯ ಮಧ್ಯಾಹ್ನ 1ಕ್ಕೆ ಉಂಡರೆ ದ್ವಾದಶಿ ಬೆಳಿಗ್ಗೆ 7ರ ಹೊತ್ತಿಗೆ 42 ಗಂಟೆ ಹೊಟ್ಟೆ ಖಾಲಿ. ಅದರ ಮೇಲೆ ಹುಳಿಯ ಸಾರು, ಸ್ಟ್ರಾಂಗ್ ಕಾಫಿ ಬಿದ್ದರೆ ಎದೆಯುರಿ ಖಂಡಿತ. ಹಿಂದಿನವರ ಪಾರಣೆಯ ಅಡಿಗೆಯಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ ಇರುತ್ತಿದ್ದವು. ಅದರಲ್ಲಿ ವಿವೇಕವಿದೆ. ಮೊದಲು ಬೆಚ್ಚಗಿನ ನೀರು, ಹತ್ತು ನಿಮಿಷ ಬಿಟ್ಟು ಮೆತ್ತನೆಯ ಅನ್ನಕ್ಕೆ ಹೆಸರುಬೇಳೆ ತೊವ್ವೆ, ತುಪ್ಪ. ಉಪವಾಸದ ಮಧ್ಯಾಹ್ನ ಬರುವ ತಲೆನೋವು ಹೆಚ್ಚಿನವರಿಗೆ ಹಸಿವಿನದಲ್ಲ, ಕಾಫಿ ತಪ್ಪಿದ್ದರದು. ಸಪ್ತಮಿಯಿಂದಲೇ ಡಿಕಾಕ್ಷನ್ ಅರ್ಧಕ್ಕೆ ಇಳಿಸಿಕೊಂಡು ಬಂದರೆ ಅದು ಕಾಡುವುದಿಲ್ಲ.

ಏಕಾದಶಿಗೆ ಸೂರ್ಯೋದಯ ನೋಡುತ್ತಾರೆ. ಶಿವರಾತ್ರಿಗೆ ಏಕೆ ನೋಡುವುದಿಲ್ಲ? (ಶಿವಮೊಗ್ಗ)

ಪೂಜೆ ಯಾವ ಹೊತ್ತಿನದೋ ಆ ಹೊತ್ತಿಗೆ ತಿಥಿ ಇರಬೇಕು ಎಂಬುದು ಸೂತ್ರ. ಶಿವರಾತ್ರಿಯ ಮುಖ್ಯಪೂಜೆ ನಡುರಾತ್ರಿಯದು, ಹಾಗಾಗಿ ನಿಶೀಥದಲ್ಲಿ ಮಾಘ ಬಹುಳ ಚತುರ್ದಶಿ ಇರುವ ದಿನ. ಸಂಕಷ್ಟಿಗೆ ಚಂದ್ರೋದಯದ ಚೌತಿ, ರಾಮನವಮಿಗೂ ಭಾದ್ರಪದದ ಗಣೇಶನ ಚೌತಿಗೂ ಮಧ್ಯಾಹ್ನ.

ಉಪವಾಸ ಎಂದರೆ ‘ದೇವರ ಹತ್ತಿರ ವಾಸ’ ಎನ್ನುತ್ತಾರೆ. ಬೌದ್ಧರ ಉಪೋಸಥ, ಜೈನರ ಪ್ರೋಷಧ ಇದೇ ಪದವೇ? (ಮಂಗಳೂರು, ಎಂ.ಎ. ವಿದ್ಯಾರ್ಥಿನಿ)

ಮೂರೂ ಒಂದೇ ಬೇರಿನವು. ಆದರೆ ಮೊದಲ ಅರ್ಥದಲ್ಲಿ ಹತ್ತಿರ ಬಂದು ಇರುವವನು ಭಕ್ತನಲ್ಲ, ದೇವತೆಗಳು. ಯಜ್ಞಗಳನ್ನು ವಿವರಿಸುವ ವೈದಿಕ ಗ್ರಂಥ ಶತಪಥ ಬ್ರಾಹ್ಮಣದ ಆರಂಭದಲ್ಲೇ ಇದರ ಚರ್ಚೆ ಇದೆ. ಅಮಾವಾಸ್ಯೆ, ಹುಣ್ಣಿಮೆಗಳ ದರ್ಶಪೂರ್ಣಮಾಸ ಯಾಗದ ಹಿಂದಿನ ದಿನ ಯಜಮಾನ ವ್ರತ ಹಿಡಿಯುತ್ತಾನೆ. ನಾಳೆ ಹವಿಸ್ಸು (ಹೋಮದ ಆಹುತಿ) ಸಿಗಲಿದೆ ಎಂದು ತಿಳಿದ ದೇವತೆಗಳು ಅಂದೇ ಅವನ ಮನೆಗೆ ಬಂದು ಉಳಿಯುತ್ತಾರೆ. ಆ ದಿನ ‘ಉಪವಸಥ’. ಮನೆಗೆ ಬಂದ ಅತಿಥಿ ಉಣ್ಣುವ ಮೊದಲು ಯಜಮಾನ ಉಣ್ಣುವುದು ಸಲ್ಲದು. ಆಷಾಢ ಸಾವಯಸ ಎಂಬಾತ ಅದಕ್ಕೇ ಪೂರ್ತಿ ನಿರಾಹಾರ ಎಂದ.

ಯಾಜ್ಞವಲ್ಕ್ಯ ಇದನ್ನು ಬೇರೆ ರೀತಿಯಲ್ಲಿ ಬಿಡಿಸಿದ. ಏನೂ ತಿನ್ನದಿದ್ದರೆ ಅದು ಪಿತೃಗಳ ಕರ್ಮವಾಗುತ್ತದೆ, ತಿಂದರೆ ದೇವತೆಗಳಿಗಿಂತ ಮೊದಲು ತಿಂದಂತಾಗುತ್ತದೆ. ಆದ್ದರಿಂದ ತಿಂದರೂ ತಿನ್ನದಂತೆ ಎಣಿಕೆಯಾಗುವುದನ್ನು, ಅಂದರೆ ಹವಿಸ್ಸಿಗೆ ಬಳಸದ ಕಾಡಿನ ಬೆಳೆಯನ್ನೋ ಮರದ ಹಣ್ಣನ್ನೋ ತಿನ್ನಲಿ. ಬರ್ಕು ವಾರ್ಷ್ಣ ಎಂಬವನು ‘ಹಾಗಾದರೆ ಉದ್ದು ಬೇಯಿಸಿ, ಅದನ್ನೂ ಹವಿಸ್ಸಿಗೆ ಬಳಸುವುದಿಲ್ಲ’ ಎಂದನಂತೆ. ಗ್ರಂಥ ಅದನ್ನು ಒಪ್ಪಲಿಲ್ಲ: ಕಾಳು ಅಕ್ಕಿ–ಜವೆಗೆ ಕೂಡಿಕೆಯಾಗುವ ವಸ್ತು. ಇಂದಿನ ‘ಅಕ್ಕಿ ಬೇಡ, ಹಣ್ಣು ಆದೀತು’ ಎಂಬ ಫಲಾಹಾರದ ತರ್ಕ ಇಷ್ಟು ಹಳೆಯದು. ಅನ್ನ ಬಿಟ್ಟು ಉಪ್ಪಿಟ್ಟು, ಅವಲಕ್ಕಿ ತಿನ್ನುವ ರೂಢಿಗೆ ಈ ತರ್ಕದಲ್ಲಿ ಜಾಗವಿಲ್ಲ. ರವೆ ಗೋಧಿಯದು, ಅವಲಕ್ಕಿ ಭತ್ತದ್ದು, ಎರಡೂ ಧಾನ್ಯವೇ.

ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯದ ಮಹಾವಗ್ಗದಲ್ಲಿ ಮಗಧದ ಬಿಂಬಿಸಾರ ಬುದ್ಧನಿಗೆ ಒಂದು ಸಲಹೆ ಕೊಡುತ್ತಾನೆ: ಬೇರೆ ಪಂಥದ ಪರಿವ್ರಾಜಕರು ಪಕ್ಷದ 8, 14, 15ನೆಯ ದಿನ ಸೇರಿ ಧರ್ಮ ಹೇಳುತ್ತಾರೆ, ಜನ ಅವರಲ್ಲಿಗೆ ಹೋಗುತ್ತಾರೆ, ನಿಮ್ಮ ಭಿಕ್ಷುಗಳೂ ಹಾಗೆ ಸೇರಬಾರದೇಕೆ? ಬುದ್ಧ ಒಪ್ಪಿದ. ದಿನ ಹಳೆಯದೇ ಉಳಿಯಿತು, ಒಳಗಿನ ತಿರುಳು ಬದಲಾಯಿತು. ಭಿಕ್ಷುಗಳಿಗೆ ಪಾತಿಮೋಕ್ಖದ (ಅವರ ನಿಯಮಾವಳಿಯ) ಪಠಣ, ಗೃಹಸ್ಥರಿಗೆ ಅಷ್ಟಶೀಲ, ಅಂದರೆ ಎಂಟು ನಿಯಮಗಳು. ಜೈನರಲ್ಲಿ ಅಷ್ಟಮಿ, ಚತುರ್ದಶಿ ಪರ್ವದಿನಗಳು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಬಗೆಯ ಆಹಾರ ಬಿಟ್ಟರೆ ಉಪವಾಸ, ದಿನಕ್ಕೊಂದೇ ಊಟವಾದರೆ ಪ್ರೋಷಧ. ಸಪ್ತಮಿಗೆ ಒಪ್ಪತ್ತು, ಅಷ್ಟಮಿಗೆ ನಿರಾಹಾರ, ನವಮಿಗೆ ಮತ್ತೆ ಒಪ್ಪತ್ತು. ಎರಡೂ ಸೇರಿ ಪ್ರೋಷಧೋಪವಾಸ, ಹದಿನಾರು ಜಾವ, ಅಂದರೆ 48 ಗಂಟೆ. ದಿಗಂಬರ ಪಂಚಾಂಗದಲ್ಲಿ ಸೂರ್ಯೋದಯದ ನಂತರ ಆರು ಘಳಿಗೆಯಾದರೂ (144 ನಿಮಿಷ) ಇರುವ ತಿಥಿಯನ್ನೇ ಆ ದಿನದ್ದೆಂದು ಹಿಡಿಯುತ್ತಾರೆ. ಹಾಗಾಗಿ ಅವರ ಅಷ್ಟಮಿ ನಿಮ್ಮ ಕ್ಯಾಲೆಂಡರಿನ ಅಷ್ಟಮಿಗಿಂತ ಒಮ್ಮೊಮ್ಮೆ ಒಂದು ದಿನ ಮೊದಲೇ ಬರುತ್ತದೆ.

ಪಕ್ಕದ ಮನೆಯವರು ಜೈನರು. ದಶಲಕ್ಷಣ ಪರ್ವದಲ್ಲಿ ಉಪವಾಸದ ತಿಂಡಿ ಎಂದೇ ಆಲೂಗಡ್ಡೆ ಹಾಕಿ ಸಾಬುದಾಣಿ ಖಿಚಡಿ ಮಾಡಿ ಕೊಟ್ಟೆ. ನಯವಾಗಿಯೇ ಬೇಡವೆಂದರು. ಏನು ತಪ್ಪಾಯಿತು? ಏನು ಕೊಡಬಹುದು? (ಹಾಸನ)

ಏಕಾದಶಿಯ ಫಲಾಹಾರ ಗೆಡ್ಡೆಗಳ ಮೇಲೆ ನಿಂತಿದೆ, ಜೈನ ಆಹಾರ ಗೆಡ್ಡೆಗಳನ್ನೇ ಬಿಡುತ್ತದೆ. ಆಲೂಗಡ್ಡೆ, ಗೆಣಸು, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಅನಂತಕಾಯಗಳು. ಒಂದೇ ದೇಹದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆ ಎಂದು ಅವರ ಶಾಸ್ತ್ರ ಹೇಳುತ್ತದೆ. ಸಾಬುದಾಣಿಯೂ ಮರಗೆಣಸಿನ ಪಿಷ್ಟ, ಅದನ್ನೂ ಬಿಡುವವರಿದ್ದಾರೆ.

ಬಹುಶಃ ಪದಾರ್ಥವಷ್ಟೇ ಕಾರಣವಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಈ ದಿನಗಳಲ್ಲಿ ವ್ರತ ಹಿಡಿದವರಿಗೆ ನೀರು, ಹಿಟ್ಟು, ಹೊತ್ತು ಎಲ್ಲಕ್ಕೂ ಮರ್ಯಾದೆ, ಅಂದರೆ ಮಿತಿ, ಇರುತ್ತದೆ. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿದ ನೀರು 48 ನಿಮಿಷಕ್ಕೆ ಸಲ್ಲುತ್ತದೆ. ಲವಂಗದಂಥದ್ದು ಹಾಕಿ ಪ್ರಾಸುಕ (ಜೀವರಹಿತ) ಮಾಡಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಾವಿಯ ನೀರಾದರೆ ಬಾವಿಗೇ ಮೆಲ್ಲಗೆ ಮರಳಿಸಬೇಕು, ಇಲ್ಲದಿದ್ದರೆ ಸೋಸಿಯೂ ಕೊಂದಂತೆ. ಬೀಸಿದ ಹಿಟ್ಟು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಭಾದ್ರಪದ ಮಳೆಗಾಲವಾದ್ದರಿಂದ ಅಂಗಡಿಯ ಪ್ಯಾಕೆಟ್ ಹಿಟ್ಟು ನಡೆಯುವುದಿಲ್ಲ. ಊಟ ಸೂರ್ಯಾಸ್ತಕ್ಕೆ 48 ನಿಮಿಷ ಮೊದಲೇ ಮುಗಿಯಬೇಕು. ನೀವು ಸಂಜೆ ಏಳಕ್ಕೆ ತಟ್ಟೆ ಹಿಡಿದು ಹೋದರೆ ಎಂಥ ಶುದ್ಧ ತಿಂಡಿಯಾದರೂ ಅವರು ಮುಟ್ಟಲಾರರು.

ಆದ್ದರಿಂದ ಬೇಯಿಸಿದ್ದನ್ನು ಬಿಡಿ. ಹೆಚ್ಚದ ಬಾಳೆಹಣ್ಣು, ತೆಂಗಿನಕಾಯಿ, ಬಾದಾಮಿ ಹಗಲು ಹೊತ್ತಿನಲ್ಲಿ ಕೊಡಿ. ಅಷ್ಟಮಿ, ಚತುರ್ದಶಿಗಳಂದು ಹಸಿಯ ಹಣ್ಣನ್ನೂ ಬಿಡುವವರಿದ್ದಾರೆ, ಮೊದಲೇ ಕೇಳಿಕೊಳ್ಳಿ. ಅನಂತ ನೋಂಪಿ (ಜೈನರು ವ್ರತಕ್ಕೆ ನೋಂಪಿ ಎನ್ನುತ್ತಾರೆ) ಹಿಡಿದ ಮನೆಯಾದರೆ ಚತುರ್ದಶಿಯಂದು ಅವರಿಗೆ ಕೈತುಂಬ ಕೆಲಸ. ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಹೋಗಿ. ದಶಲಕ್ಷಣ ಎಂಬ ಹೆಸರಿಗೆ ಕಾರಣವಾದ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಅಂದು ಅವರೇ ಕೈಮುಗಿದು ಕ್ಷಮೆ ಕೇಳುತ್ತಾರೆ, ನೀವೂ ಕೇಳಿ.

ವೈಶಾಖ ಪೂರ್ಣಿಮೆಯಂದು ವಿಹಾರದಲ್ಲಿ ಅಷ್ಟಶೀಲ ತೆಗೆದುಕೊಳ್ಳಬೇಕೆಂದಿದ್ದೇನೆ. ಮಧ್ಯಾಹ್ನದ ನಂತರ ಚಹಾ ಕುಡಿಯಬಹುದೇ? ಹನ್ನೆರಡು ಗಂಟೆಯೆಂದರೆ ಕರಾರುವಾಕ್ಕಾಗಿ ಹನ್ನೆರಡೇ? (ಬೆಂಗಳೂರು)

ಪಂಚಶೀಲದ ಮೂರನೆಯದು ಅಂದು ಪೂರ್ಣ ಬ್ರಹ್ಮಚರ್ಯವಾಗುತ್ತದೆ. ಅದರ ಮೇಲೆ ಮೂರು ಸೇರುತ್ತವೆ: ವಿಕಾಲ ಭೋಜನ ಇಲ್ಲ, ಹಾಡು, ಕುಣಿತ, ಅಲಂಕಾರ ಇಲ್ಲ, ಎತ್ತರದ, ಸುಖದ ಹಾಸಿಗೆ ಇಲ್ಲ. ವಿಕಾಲವೆಂದರೆ ಸೂರ್ಯ ನೆತ್ತಿ ದಾಟಿದಲ್ಲಿಂದ ಮರುದಿನದ ಅರುಣೋದಯದವರೆಗೆ. ಇಲ್ಲಿ ಲೆಕ್ಕಕ್ಕೆ ಬರುವುದು ಸೂರ್ಯನ ಮಧ್ಯಾಹ್ನ. ಬೆಂಗಳೂರು ಭಾರತದ ಪ್ರಮಾಣ ರೇಖೆಗಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ನೆತ್ತಿಯ ಸೂರ್ಯ ನವೆಂಬರ್ ಆರಂಭದಲ್ಲಿ 12:03ರ ಹೊತ್ತಿಗೆ, ಫೆಬ್ರವರಿಯಲ್ಲಿ 12:34ರ ಹೊತ್ತಿಗೆ, ಮೇ ತಿಂಗಳಲ್ಲಿ 12:16ರ ಆಸುಪಾಸಿಗೆ. ಆದರೂ ವಿಹಾರದಲ್ಲಿ ಎಲ್ಲರೂ ಹನ್ನೆರಡಕ್ಕೆ ಮುಗಿಸಿದರೆ ನೀವೂ ಹಾಗೆಯೇ ಮಾಡಿ. ತಟ್ಟೆಯ ಕೊನೆಯ ತುತ್ತು ಗಡಿ ದಾಟದಂತೆ 11ಕ್ಕೇ ಕೂರುವುದು ಒಳ್ಳೆಯದು.

ಹಾಲಿಲ್ಲದ ಚಹಾ ಥೇರವಾದದ (ಶ್ರೀಲಂಕಾ, ಬರ್ಮಾ, ಥಾಯ್ಲೆಂಡಿನ ಬೌದ್ಧ ಪರಂಪರೆಯ) ಹೆಚ್ಚಿನ ಕಡೆ ನಡೆಯುತ್ತದೆ. ಹಾಲನ್ನು ಆಹಾರವೆಂದೇ ಎಣಿಸುವುದರಿಂದ ಹಾಲಿನ ಚಹಾ, ಕಾಫಿ ಬೇಡ. ತಿರುಳಿಲ್ಲದಂತೆ ಸೋಸಿದ, ಕುದಿಸದ ಹಣ್ಣಿನ ರಸ, ಜೇನುತುಪ್ಪದ ನೀರು ಆಗಬಹುದು. ಹಲಸು, ಕಲ್ಲಂಗಡಿಯಂಥ ದೊಡ್ಡ ಹಣ್ಣಿನ ರಸವನ್ನು ಬಿಡುತ್ತಾರೆ. ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಥೇರವಾದದ್ದು. ಬೈಲಕುಪ್ಪೆಯ ಟಿಬೆಟಿಯನ್ನರ ಪರಂಪರೆ ಬೇರೆ. ಅವರ ನ್ಯುಂಗ್ನೆ ವ್ರತ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನದು: ಮೊದಲ ದಿನ ಮಧ್ಯಾಹ್ನದೊಳಗೆ ಒಂದೇ ಊಟ, ಎರಡನೆಯ ದಿನ ಅನ್ನ, ನೀರು, ಮಾತು ಮೂರೂ ಇಲ್ಲ, ಮೂರನೆಯ ಬೆಳಿಗ್ಗೆ ಮುಕ್ತಾಯ. ಒಂದರ ನಿಯಮವನ್ನು ಇನ್ನೊಂದಕ್ಕೆ ಬೆರೆಸಬೇಡಿ.

ಅಪ್ಪನಿಗೆ 74 ವರ್ಷ, ಸಕ್ಕರೆ ಕಾಯಿಲೆ, ಮಾತ್ರೆ ಇದೆ. ಏಕಾದಶಿ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಶಾಸ್ತ್ರ ಏನು ಹೇಳುತ್ತದೆ? (ತುಮಕೂರು)

ಎಂಟರಿಂದ ಎಂಬತ್ತು ವಯಸ್ಸಿನವರಿಗೆ ಏಕಾದಶಿ ಎಂಬ ಮಾತನ್ನು ಅವರು ಹಿಡಿದಿರಬಹುದು. ಅದೇ ಶಾಸ್ತ್ರ ಅಶಕ್ತರಿಗೆ ಮೆಟ್ಟಿಲುಗಳನ್ನೂ ಕಟ್ಟಿದೆ: ನಕ್ತ (ರಾತ್ರಿಯ ಒಂದೇ ಊಟ), ಹವಿಷ್ಯಾನ್ನ (ಹೋಮಕ್ಕೆ ಸಲ್ಲುವಂಥ ಸರಳ ಅನ್ನ), ಅನ್ನವಲ್ಲದ ಆಹಾರ, ಹಣ್ಣು, ಎಳ್ಳು, ಹಾಲು, ನೀರು, ತುಪ್ಪ, ಪಂಚಗವ್ಯ, ವಾಯು. ಒಂದಕ್ಕಿಂತ ಮುಂದಿನದು ಶ್ರೇಷ್ಠ, ಆದರೆ ಮೊದಲ ಮೆಟ್ಟಿಲಲ್ಲಿ ನಿಂತವನದೂ ವ್ರತವೇ. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತ ಕೆಡಿಸದ ಎಂಟನ್ನು ಹೇಳಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಅಪ್ಪನಿಗೆ ಈ ಕೊನೆಯ ಎರಡನ್ನು ತೋರಿಸಿ. ಅವರು ನಂಬುವ ಗುರುಗಳೇ ‘ಹಾಲು, ಹಣ್ಣು ತೆಗೆದುಕೊಳ್ಳಿ’ ಎಂದರೆ ಬೇಗ ಒಪ್ಪುತ್ತಾರೆ.

ಮಾತ್ರೆಯ ವಿಷಯದಲ್ಲಿ ನೀವೇ ತೀರ್ಮಾನ ಮಾಡಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಮಾತ್ರೆಯನ್ನೇ ಬಿಟ್ಟರೆ ಏರುತ್ತದೆ. ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಯಲ್ಲಿ ನೀರೂ ಕುಡಿಯದ ಉಪವಾಸ ಇನ್ನೊಂದು ತೊಂದರೆ ತರುತ್ತದೆ. ಅಂದಿನ ಪ್ರಮಾಣ ಎಷ್ಟು ಎಂದು ದಶಮಿಗೆ ಮೊದಲೇ ಡಾಕ್ಟರರಿಂದ ಬರೆಸಿಕೊಳ್ಳಿ. ಬೆವರು, ಕೈನಡುಕ, ಎದೆಬಡಿತ, ಮಂಕು ಕಂಡರೆ ತಕ್ಷಣ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಮಂಕಾಗಿ ನುಂಗಲಾಗದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಸಕ್ಕರೆ ನೀರು ಔಷಧ. ಎಂಟರ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ.

ನಮ್ಮ ಶ್ವೇತಾಂಬರ ಸ್ನೇಹಿತರ ಮಗಳು ಪರ್ಯುಷಣದಲ್ಲಿ ಎಂಟು ದಿನದ ಅಠ್ಠಾಯಿ ಮಾಡುತ್ತಿದ್ದಾಳೆ. ಪಾರಣೆಗೆ ಕರೆದಿದ್ದಾರೆ, ಸಿಹಿ ಒಯ್ಯಬಹುದೇ? (ಹುಬ್ಬಳ್ಳಿ)

ಒಯ್ಯಿರಿ, ಆಕೆಗೆ ಮಾತ್ರ ತಿನ್ನಿಸಬೇಡಿ. ಎಂಟು ದಿನ ಹಗಲಿನಲ್ಲಿ ಕುದಿಸಿದ ನೀರನ್ನಷ್ಟೇ ಕುಡಿದ ದೇಹಕ್ಕೆ ಒಮ್ಮೆಲೇ ಸಿಹಿ, ಪೂರಿ ಬಿದ್ದರೆ ಹೊಟ್ಟೆ ಕೆಡುವುದು ಸಣ್ಣ ಮಾತು. ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟ್ ತಟ್ಟನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಹೆಸರುಕಾಳು ಬೇಯಿಸಿದ ತಿಳಿನೀರು ಕೆಲವೇ ಚಮಚ, ಒಂದೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಸಂಜೆಯ ಹೊತ್ತಿಗೆ ತೆಳ್ಳನೆಯ ಗಂಜಿ. ಮಾಮೂಲಿ ಊಟಕ್ಕೆ ಮೂರು ನಾಲ್ಕು ದಿನ ಹಿಡಿಯಲಿ. ಇಷ್ಟು ಉದ್ದದ ಉಪವಾಸವನ್ನು ಡಾಕ್ಟರರ ಕಣ್ಣಳತೆಯಲ್ಲೇ ಮಾಡಬೇಕು, ಪಾರಣೆಯ ದಿನವೂ ಅವರನ್ನು ಕೇಳಿಯೇ ಮುಂದುವರಿಯಬೇಕು. ಕಾಲು ಊತ, ಉಸಿರಾಟಕ್ಕೆ ಕಷ್ಟ, ಗೊಂದಲ ಕಂಡರೆ ತಡಮಾಡಬಾರದು. ಪಾರಣೆಗೆ ಬಂದ ನೆಂಟರೆಲ್ಲ ಒಂದೊಂದು ತುತ್ತು ತಿನ್ನಿಸುವ ರೂಢಿ ಇದ್ದರೆ ಎಲ್ಲರ ಕೈಗೂ ಆ ಹೆಸರುಕಾಳಿನ ನೀರಿನ ಚಮಚವನ್ನೇ ಕೊಡಲು ಮನೆಯವರಿಗೆ ಹೇಳಿ, ಅದೂ ಒಂದೊಂದೇ ತೊಟ್ಟು.